ಕಡಿಮೆ ಸೋಡಿಯಂ ಇಲಿಗಳಲ್ಲಿ ಕಿಡ್ನಿ ರೀಡಿಂಗ್ ಕೆಟ್ಟಾಗ: ದೋಷ ಹುಡುಕುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಅನಿಮಲ್ ಹೌಸ್‌ನಲ್ಲಿ ಕಿಡ್ನಿ ಪ್ರಯೋಗ ಮಾಡುವ ಎಂ.ಫಾರ್ಮ್, ಪಿಎಚ್‌ಡಿ ವಿದ್ಯಾರ್ಥಿಗಳು ಹೇಳುವ ತೊಂದರೆ ಸಾಮಾನ್ಯವಾಗಿ ಹೀಗಿರುತ್ತದೆ: "ಸೋಡಿಯಂ ಕಡಿಮೆ ಇರೋ ಫೀಡ್ ಕೊಟ್ಟೆ, ಆದ್ರೂ ರಕ್ತದಲ್ಲಿ ಸೋಡಿಯಂ ಇಳೀಲೇ ಇಲ್ಲ." ಇಲ್ಲವೇ, "ಸೋಡಿಯಂ ಇಳಿದಿದೆ, ಆದ್ರೆ ಗ್ರೂಪಿನಲ್ಲಿ ಒಂದೊಂದು ಇಲಿ ಒಂದೊಂದು ಥರ." ಇಲ್ಲವೇ, "ಯೂರಿಯಾ, ಕ್ರಿಯಾಟಿನಿನ್ ಏರಿಬಿಟ್ಟಿದೆ, ಕಿಡ್ನಿ ಹೋಯ್ತಾ?" ಯೂರಿಯಾ, ಕ್ರಿಯಾಟಿನಿನ್ ಎಂದರೆ ಕಿಡ್ನಿ ರಕ್ತದಿಂದ ಹೊರಹಾಕುವ ತ್ಯಾಜ್ಯಗಳು. ಮೂರಕ್ಕೂ ಹುಡುಕುವ ದಾರಿ ಬಹಳ ಮಟ್ಟಿಗೆ ಒಂದೇ. ಪ್ರಾಣಿಗಳನ್ನು ಮುಗಿಸುವ ಮೊದಲೇ ಈ ದಾರಿಯಲ್ಲಿ ಹೋಗಬೇಕು. ಮುಗಿಸಿದ ಮೇಲೆ ಉಳಿಯುವುದು ಒಂದಷ್ಟು ಸೀರಮ್ ಮಾತ್ರ, ಅದರಿಂದ ಅರ್ಧ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ.

ಯಾವ "ಕಡಿಮೆ" ಎಂದು ಮೊದಲು ತೀರ್ಮಾನಿಸಿ

ಆಹಾರದಲ್ಲಿ ಸೋಡಿಯಂ ಕಡಿಮೆ ಇರುವುದು ಬೇರೆ, ರಕ್ತದಲ್ಲಿ ಕಡಿಮೆ ಇರುವುದು ಬೇರೆ. ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಮುಕ್ಕಾಲು ಗೊಂದಲ ಹುಟ್ಟುತ್ತದೆ.

ಆರೋಗ್ಯವಾಗಿರುವ ವಿಸ್ಟಾರ್ ತಳಿಯ ಇಲಿಗೆ ಸೋಡಿಯಂ ಇಲ್ಲದ ಫೀಡ್ ಹಾಕಿದರೆ ಅದರ ಕಿಡ್ನಿ ಕೆಲವೇ ದಿನಗಳಲ್ಲಿ ಸೋಡಿಯಂ ಹೊರಗೆ ಬಿಡುವುದನ್ನು ನಿಲ್ಲಿಸಿಬಿಡುತ್ತದೆ. ಮೈಯಲ್ಲಿನ ದ್ರವ ಸ್ವಲ್ಪ ಕುಗ್ಗುತ್ತದೆ, ಕಿಡ್ನಿಯಿಂದ ರೆನಿನ್ ಬಿಡುಗಡೆಯಾಗುತ್ತದೆ, ಅದರಿಂದ ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್-2 ಏರುತ್ತದೆ, ಅಡ್ರಿನಲ್ ಗ್ರಂಥಿಯಿಂದ ಸೋಡಿಯಂ ಉಳಿಸುವ ಹಾರ್ಮೋನ್ ಆಲ್ಡೊಸ್ಟೀರಾನ್ ಸುರಿಯುತ್ತದೆ, ಕಿಡ್ನಿಯೊಳಗೆ ಮೂತ್ರ ಕೊನೆಗೆ ಹಾಯುವ ಸಂಗ್ರಹ ನಾಳದ ಕೋಶಗಳು ಸೋಡಿಯಂ ಚಾನೆಲ್‌ಗಳನ್ನು ಹೆಚ್ಚಿಸಿಕೊಂಡು ಕೊನೆಯ ಹನಿಯ ತನಕ ಹೀರಿಕೊಳ್ಳುತ್ತವೆ. ಇಷ್ಟೆಲ್ಲ ನಡೆದರೂ ರಕ್ತದ ಸೋಡಿಯಂ ಅದರ ಮಾಮೂಲಿ ಮಟ್ಟದಲ್ಲೇ, ಅಂದರೆ ಲೀಟರಿಗೆ ಹೆಚ್ಚುಕಮ್ಮಿ 140 ಮಿಲಿ ಈಕ್ವಿವಲೆಂಟ್ ಆಸುಪಾಸಿನಲ್ಲೇ ಇರಬಹುದು (ಒಂದು ಮಿಲಿ ಈಕ್ವಿವಲೆಂಟ್ ಸೋಡಿಯಂ ಎಂದರೆ 23 ಮಿಲಿಗ್ರಾಂ). ಅದು ನಿಮ್ಮ ಫೀಡಿನ ಸೋಲಲ್ಲ, ಕಿಡ್ನಿಯ ಗೆಲುವು.

ರಕ್ತದ ಸೋಡಿಯಂ ನಿಜಕ್ಕೂ ಇಳಿಯಬೇಕಾದರೆ ನೀರು ಹೆಚ್ಚಾಗಿ ಒಳಗೆ ಉಳಿಯಬೇಕು. ಹೈಪೊನಾಟ್ರೀಮಿಯಾ, ಅಂದರೆ ರಕ್ತದ ಸೋಡಿಯಂ ಇಳಿಕೆ, ಬೇಕೆಂದೇ ಪ್ರಯೋಗ ಮಾಡುವವರು ಇಲಿಗೆ ಮೂತ್ರದಲ್ಲಿ ನೀರು ಹೋಗದಂತೆ ತಡೆಯುವ ಡೆಸ್ಮೊಪ್ರೆಸಿನ್ ಕೊಟ್ಟು, ಜೊತೆಗೆ ದ್ರವ ಆಹಾರ ಅಥವಾ ನೀರು ತುಂಬಿಸುವುದು ಇದೇ ಕಾರಣಕ್ಕೆ. ನಿಮ್ಮ ಪ್ರೋಟೊಕಾಲಿನಲ್ಲಿ ಬರೀ ಫೀಡ್ ಬದಲಿಸಿ "ಹೈಪೊನಾಟ್ರೀಮಿಯಾ ಮಾದರಿ" ಎಂದು ಬರೆದಿದ್ದರೆ ದೋಷ ಅಲ್ಲೇ ಇದೆ, ಮುಂದೆ ಹುಡುಕುವ ಅಗತ್ಯವಿಲ್ಲ. ಪ್ರೋಟೊಕಾಲ್ ತಿದ್ದಿ ಸಂಸ್ಥೆಯ ಎಥಿಕ್ಸ್ ಸಮಿತಿಗೆ ಮತ್ತೆ ಕೊಡಿ.

24 ಗಂಟೆಯ ಮೂತ್ರ ಹಿಡಿಯಿರಿ

ಒಂದೇ ಒಂದು ಪರೀಕ್ಷೆ ಮಾಡಲು ಅವಕಾಶವಿದ್ದರೆ ನಾನು ರಕ್ತ ತೆಗೆಯುವುದಿಲ್ಲ, ತಳದ ಫನಲ್ಲಿನಿಂದ ಮೂತ್ರ ಬಾಟಲಿಗೆ ಇಳಿಯುವ ಮೆಟಬಾಲಿಕ್ ಕೇಜ್‌ನಲ್ಲಿ ಒಂದು ದಿನ ಇಟ್ಟು ಮೂತ್ರ ಹಿಡಿಯುತ್ತೇನೆ. ಇಲಿ ತಿಂದ ಸೋಡಿಯಂ ಬಹುಪಾಲು ಮೂತ್ರದಲ್ಲೇ ಹೊರಬರುತ್ತದೆ. ಹಾಗಾಗಿ ಒಂದು ದಿನದ ಮೂತ್ರದ ಒಟ್ಟು ಸೋಡಿಯಂ ಅಂದರೆ ಅದು ತಿಂದದ್ದರ ಲೆಕ್ಕಪತ್ರವೇ.

ಲೆಕ್ಕ ಕಷ್ಟದ್ದೇನಲ್ಲ. 200 ಗ್ರಾಂ ತೂಕದ ಇಲಿ ದಿನಕ್ಕೆ ಸುಮಾರು 18 ಗ್ರಾಂ ಪೆಲೆಟ್ ತಿನ್ನುತ್ತದೆ ಅಂದುಕೊಳ್ಳಿ. ಪೆಲೆಟ್‌ನಲ್ಲಿ 0.25% ಸೋಡಿಯಂ ಇದ್ದರೆ ದಿನಕ್ಕೆ 45 ಮಿಲಿಗ್ರಾಂ ಒಳಗೆ ಹೋಗುತ್ತದೆ, ಅಂದರೆ ಸುಮಾರು 2 ಮಿಲಿ ಈಕ್ವಿವಲೆಂಟ್. ಕಡಿಮೆ ಸೋಡಿಯಂ ಫೀಡ್ 0.02% ಇದ್ದರೆ ಬರೀ 3.6 ಮಿಲಿಗ್ರಾಂ, ಅಂದರೆ 0.16 ಮಿಲಿ ಈಕ್ವಿವಲೆಂಟ್. ವಾರ ಕಳೆದ ಮೇಲೆ ಕಡಿಮೆ ಸೋಡಿಯಂ ಗ್ರೂಪಿನ ಮೂತ್ರದಲ್ಲಿ ದಿನಕ್ಕೆ 0.16ರ ಒಳಗೆ ಬಂದರೆ ಎಲ್ಲ ಸರಿಯಿದೆ. 0.6 ಬಂತೋ, ಅದನ್ನು 23ರಿಂದ ಗುಣಿಸಿ: ಸುಮಾರು 14 ಮಿಲಿಗ್ರಾಂ. ಫೀಡ್ ಕೊಟ್ಟದ್ದು 3.6. ಉಳಿದ 10 ಎಲ್ಲಿಂದ ಬಂತು ಎಂದು ಹುಡುಕುವುದೇ ನಿಮ್ಮ ಮುಂದಿನ ಕೆಲಸ.

ಮೂತ್ರದ ಸಾಂದ್ರತೆ ನೋಡಿ ತೀರ್ಪು ಕೊಡಬೇಡಿ, ದಿನದ ಒಟ್ಟು ಪ್ರಮಾಣವನ್ನೇ ನೋಡಿ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಫನಲ್ ಮೇಲೆ ಬಿದ್ದ ಮೂತ್ರ ಅಲ್ಲೇ ಆರಿ ಅಂಟಿಕೊಳ್ಳುತ್ತದೆ. ಫನಲ್ಲನ್ನು ಅಳತೆ ಮಾಡಿದ ಡಿಅಯಾನೈಸ್ಡ್ ನೀರಿನಿಂದ ತೊಳೆದು ಅದನ್ನೂ ಸೇರಿಸಿ ಅಳೆಯಿರಿ. ಕಂಟ್ರೋಲ್ ಗ್ರೂಪಿನಲ್ಲಿ ಇನ್ನೊಂದು ತೊಡಕಿದೆ. ಮಾಮೂಲಿ ಪೆಲೆಟ್‌ನ ಪುಡಿ 1 ಗ್ರಾಂ ಮೂತ್ರಕ್ಕೆ ಬಿದ್ದರೂ 2.5 ಮಿಲಿಗ್ರಾಂ ಸೋಡಿಯಂ ಹೆಚ್ಚಾಗುತ್ತದೆ. ಬಾಟಲಿಯ ತಳದಲ್ಲಿ ಕಂದು ಗಸಿ ಕಂಡರೆ ಆ ದಿನದ ಸ್ಯಾಂಪಲ್ ಬಿಡಿ.

ಎಲ್ಲಿಂದ ಬಂತು ಈ ಸೋಡಿಯಂ

ನೀರು. ನಮ್ಮ ಭಾಗದಲ್ಲಿ ನಾನು ಮೊದಲು ಕೈಹಾಕುವುದು ಇದಕ್ಕೇ. ದಾವಣಗೆರೆ ನಗರಕ್ಕೆ ತುಂಗಭದ್ರೆಯ ನೀರು ಬರುತ್ತದೆ, ಚಿತ್ರದುರ್ಗಕ್ಕೆ ಸೂಳೆಕೆರೆಯ ನೀರಿದೆ, ಆದರೆ ಬೇಸಿಗೆ ಬಂತೆಂದರೆ ಎಷ್ಟೋ ಕ್ಯಾಂಪಸ್‌ಗಳು ಬೋರ್‌ವೆಲ್, ಟ್ಯಾಂಕರ್ ನಂಬಿಯೇ ನಡೆಯುವುದು. ಬೋರ್ ನೀರು ಗಡಸು. ಪೈಪು, ಗೀಸರ್ ಕಟ್ಟಿಕೊಳ್ಳುತ್ತವೆ ಎಂದು ಕಟ್ಟಡಕ್ಕೆ ಸಾಫ್ಟ್‌ನರ್ ಹಾಕಿಸಿರುತ್ತಾರೆ. ಸಾಫ್ಟ್‌ನರ್ ಮಾಡುವ ಕೆಲಸವೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಬಿಡುವುದು. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕುಡಿಯುವ ನೀರಿಗೆ ಅನಿವಾರ್ಯ ಸಂದರ್ಭದಲ್ಲಿ ಒಪ್ಪುವ ಗಡಸುತನದ ಮಿತಿ ಲೀಟರಿಗೆ 600 ಮಿಲಿಗ್ರಾಂ. ಅಷ್ಟು ಗಡಸಿನ ನೀರನ್ನು ಸಾಫ್ಟ್‌ನರ್‌ಗೆ ಹಾಯಿಸಿದರೆ ಲೀಟರಿಗೆ 276 ಮಿಲಿಗ್ರಾಂ ಸೋಡಿಯಂ. ಇಲಿ ದಿನಕ್ಕೆ 25 ಎಂ.ಎಲ್. ಕುಡಿದರೆ ನೀರಿನಿಂದಲೇ 7 ಮಿಲಿಗ್ರಾಂ, ಫೀಡಿನಿಂದ ಬರುವುದರ ಎರಡು ಪಟ್ಟು! ಎರಡೂ ಸೇರಿ ಹತ್ತೂವರೆ ಮಿಲಿಗ್ರಾಂ ದಾಟುತ್ತದೆ. ಇಲಿಗೆ ಬೇಕಾದ ಸೋಡಿಯಂ ಆಹಾರದ 0.05% ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1995ರಲ್ಲಿ ಕೊಟ್ಟ ಅಂದಾಜಿದೆ. 18 ಗ್ರಾಂ ಆಹಾರಕ್ಕೆ ಅದು 9 ಮಿಲಿಗ್ರಾಂ. ಅಂದರೆ ದುಬಾರಿ ಬೆಲೆಗೆ ತರಿಸಿದ ಕಡಿಮೆ ಸೋಡಿಯಂ ಫೀಡ್ ಹಾಕಿಯೂ ನಿಮ್ಮ ಇಲಿಗೆ ಸೋಡಿಯಂ ಕೊರತೆಯೇ ಆಗಿಲ್ಲ.

ಕರಗಿದ ಲವಣದ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ "ನೀರು ಚೆನ್ನಾಗಿದೆ" ಎನ್ನುವವರಿದ್ದಾರೆ. ಸಾಫ್ಟ್‌ನರ್ ಒಂದರ ಬದಲು ಇನ್ನೊಂದನ್ನು ಕೂರಿಸುತ್ತದೆಯೇ ಹೊರತು ಕರಗಿದ ಲವಣವನ್ನು ಕಡಿಮೆ ಮಾಡುವುದಿಲ್ಲ, ಹಾಗಾಗಿ ಟಿಡಿಎಸ್ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಕುಡಿಯುವ ಬಾಟಲಿಯಿಂದಲೇ ನೀರು ತೆಗೆದು, ಜ್ವಾಲೆಯ ಬೆಳಕು ನೋಡಿ ಲವಣ ಅಳೆಯುವ ಫ್ಲೇಮ್ ಫೋಟೋಮೀಟರ್‌ನಲ್ಲಿ ಸೋಡಿಯಂ ಅಳೆಯಿರಿ, ಎರಡು ನಿಮಿಷದ ಕೆಲಸ. ಪ್ರಯೋಗ ಮುಗಿಯುವ ತನಕ ಡಿಅಯಾನೈಸ್ಡ್ ಅಥವಾ ಡಿಸ್ಟಿಲ್ಡ್ ನೀರೇ ಕೊಡುವುದು ಕ್ಷೇಮ. ಚಿತ್ರದುರ್ಗ ಜಿಲ್ಲೆಯ ಬೋರ್ ನೀರಿಗೆ ಇದು ಇನ್ನೂ ಮುಖ್ಯ, ಅಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ತಾನೇ ಕಿಡ್ನಿಗೆ ತೊಂದರೆ ಕೊಡಬಲ್ಲದು, ಸೋಡಿಯಂನ ಪರಿಣಾಮ ಯಾವುದು ಫ್ಲೋರೈಡಿನದು ಯಾವುದು ಎಂದು ಆಮೇಲೆ ಬೇರ್ಪಡಿಸಲಾಗುವುದಿಲ್ಲ.

ವೆಹಿಕಲ್, ಅಂದರೆ ಔಷಧಿ ಕರಗಿಸುವ ದ್ರವ. ಔಷಧಿಯನ್ನು ನಾರ್ಮಲ್ ಸಲೈನ್‌ನಲ್ಲಿ ಕರಗಿಸಿ ಹೊಟ್ಟೆಗೆ ಚುಚ್ಚುತ್ತಿದ್ದೀರಾ? 1 ಎಂ.ಎಲ್. ಸಲೈನ್‌ನಲ್ಲಿ ಮೂರೂವರೆ ಮಿಲಿಗ್ರಾಂ ಸೋಡಿಯಂ ಇದೆ, ಕಡಿಮೆ ಸೋಡಿಯಂ ಫೀಡಿನ ಪೂರಾ ಒಂದು ದಿನದ ಪಾಲು. ಔಷಧಿಗೆ ಒಗ್ಗುವುದಾದರೆ 5% ಡೆಕ್ಸ್‌ಟ್ರೋಸ್‌ಗೆ ಬದಲಿಸಿ, ಬಾಯಿಂದ ಕೊಡುವುದಾದರೆ ನೀರು ಸಾಕು. ಬದಲಿಸುವುದಾದರೆ ಎಲ್ಲ ಗ್ರೂಪಿಗೂ ಬದಲಿಸಬೇಕು.

ಮಂಡಕ್ಕಿ. ದಾವಣಗೆರೆಯಲ್ಲಿ ಇದನ್ನು ಕೇಳದೆ ಬಿಡುವ ಹಾಗಿಲ್ಲ. ಒಂದು ಅನಿಮಲ್ ಹೌಸ್‌ನಲ್ಲಿ ಶನಿವಾರ, ಭಾನುವಾರದ ಮೂತ್ರದಲ್ಲಿ ಮಾತ್ರ ಸೋಡಿಯಂ ಏರುತ್ತಿತ್ತು. ಮೀಟರಿನಲ್ಲಿ, ಫೀಡಿನಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಅಲ್ಲಿ ಇಲಿಗಳನ್ನು ನೋಡಿಕೊಳ್ಳುವ ಅಣ್ಣನ ಹತ್ತಿರ ಕೂತು ಮಾತಾಡಿದಾಗ ಅವರೇ ಹೇಳಿದರು: "ಆ ಕೇಜಿನವು ಪಾಪ ಸೊರಗಿದಂಗ್ ಕಾಣ್ತಾವ್ ಸಾರ್, ರಜಾ ದಿನ ಬ್ಯಾರೆ ಯಾರೂ ಇರಂಗಿಲ್ಲ. ನಾನ್ ತಿನ್ನೋ ಮಂಡಕ್ಕ್ಯಾಗ ಒಂದೀಟ್ ಹಾಕ್ತೀನಿ, ಓಡಿ ಬಂದು ತಿಂತಾವ್." ಓಡಿ ಬಂದು ತಿನ್ನದೆ ಏನು ಮಾಡುತ್ತವೆ? ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ಹಾಕಿಯೇ ಹುರಿಯುವುದು. ಸೋಡಿಯಂ ಕೊರತೆಯಾದ ಇಲಿಗೆ ಉಪ್ಪಿನ ಮೇಲೆ ವಿಪರೀತ ಆಸೆ ಹುಟ್ಟುತ್ತದೆ. ಅಡ್ರಿನಲ್ ತೆಗೆದ ಇಲಿಗಳು ತಾವಾಗಿಯೇ ಉಪ್ಪುನೀರನ್ನು ಆರಿಸಿಕೊಂಡು ಕುಡಿಯುತ್ತವೆ ಎಂದು ಅಮೆರಿಕದ ವಿಜ್ಞಾನಿ ಕರ್ಟ್ ರಿಕ್ಟರ್ 1936ರಲ್ಲೇ ತೋರಿಸಿದ್ದರು. ಆ ಅಣ್ಣನನ್ನು ಗದರಿಸುವುದರಲ್ಲಿ ಅರ್ಥವಿಲ್ಲ. ಪ್ರಾಣಿಗಳು ಸೊರಗಿದ್ದನ್ನು ಎಲ್ಲರಿಗಿಂತ ಮೊದಲು ಕಂಡವರು ಅವರೇ. ಏಕೆ ಹಾಕಬಾರದು ಎಂದು ಕೂರಿಸಿಕೊಂಡು ಹೇಳಿ, ಕೇಜ್ ಕಾರ್ಡಿನ ಮೇಲೆ ಕನ್ನಡದಲ್ಲೇ ದಪ್ಪಕ್ಷರದಲ್ಲಿ "ಈ ಫೀಡ್, ಈ ನೀರು ಬಿಟ್ಟು ಬೇರೇನೂ ಕೊಡಬಾರದು" ಎಂದು ಬರೆಯಿರಿ. ಸೊರಗಿದ್ದು ಕಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ.

ರಕ್ತದ ಸೋಡಿಯಂ ಕಡಿಮೆ ಬಂದರೆ

ನಂಬುವ ಮೊದಲು ಯಂತ್ರ ಮತ್ತು ಸ್ಯಾಂಪಲ್ ಎರಡನ್ನೂ ವಿಚಾರಿಸಿಕೊಳ್ಳಿ. ನಮ್ಮ ಕಾಲೇಜುಗಳಲ್ಲಿ ಇನ್ನೂ ಫ್ಲೇಮ್ ಫೋಟೋಮೀಟರ್ ಬಳಕೆಯಲ್ಲಿದೆ. ಸೀರಮ್ ಹೀರುವ ಸಣ್ಣ ಕೊಳವೆ ಅರ್ಧ ಕಟ್ಟಿಕೊಂಡಿದ್ದರೆ ರೀಡಿಂಗ್ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಐದಾರು ಸ್ಯಾಂಪಲ್‌ಗೊಮ್ಮೆ ಸ್ಟ್ಯಾಂಡರ್ಡ್ ದ್ರಾವಣ ಓಡಿಸಿದರೆ ಇದು ಸಿಕ್ಕಿಬೀಳುತ್ತದೆ. ಗಾಜಿನ ಪಾತ್ರೆ, ಬೆರಳಿನ ಬೆವರು, ನಲ್ಲಿನೀರಿನಲ್ಲಿ ತೊಳೆದ ಟ್ಯೂಬ್ ಇವೆಲ್ಲ ಸೋಡಿಯಂ ಹೆಚ್ಚಿಸಿ ತೋರಿಸುತ್ತವೆ, ನಿಜವಾದ ಇಳಿಕೆಯನ್ನು ಮುಚ್ಚಿಹಾಕುತ್ತವೆ. ಸ್ಟ್ಯಾಂಡರ್ಡ್‌ಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ.

ಸ್ಯಾಂಪಲ್ಲನ್ನು ಹೊರಗಿನ ಡಯಾಗ್ನೋಸ್ಟಿಕ್ ಲ್ಯಾಬಿಗೆ ಕಳಿಸುವುದಾದರೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಸೀರಮ್ಮನ್ನು ತೆಳು ಮಾಡಿ ಅಳೆಯುತ್ತಾರೋ, ನೇರವಾಗಿ ಅಳೆಯುತ್ತಾರೋ? ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳ ಸೀರಮ್ ಹಾಲಿನಂತೆ ಬಿಳಿಚಿಕೊಂಡಿರುತ್ತದೆ. ಕೊಬ್ಬು ಜಾಗ ಹಿಡಿದಷ್ಟು ನೀರಿನ ಭಾಗ ಕಡಿಮೆ, ತೆಳು ಮಾಡಿ ಅಳೆಯುವ ಯಂತ್ರ ಸೋಡಿಯಂ ಇಳಿದಿದೆ ಎಂದು ಸುಳ್ಳು ಹೇಳುತ್ತದೆ. ಫ್ಲೇಮ್ ಫೋಟೋಮೀಟರ್‌ಗೂ ಇದೇ ದೌರ್ಬಲ್ಯ. ನೇರ ಎಲೆಕ್ಟ್ರೋಡಿನಲ್ಲಿ ಈ ತಪ್ಪು ಆಗುವುದಿಲ್ಲ.

ಸ್ಟ್ರೆಪ್ಟೊಜೋಟೊಸಿನ್ ಕೊಟ್ಟು ಮಧುಮೇಹ ಬರಿಸಿದ ಇಲಿಗಳಲ್ಲಿ ಇಳಿಕೆ ನಿಜವೇ, ಆದರೆ ಕಾರಣ ಬೇರೆ. ಏರಿದ ಗ್ಲೂಕೋಸ್ ಕೋಶಗಳಿಂದ ನೀರನ್ನು ಹೊರಗೆಳೆದು ಸೋಡಿಯಂ ತೆಳುವಾಗಿಸುತ್ತದೆ. ಆಸ್ಪತ್ರೆಗಳಲ್ಲಿ ಬಳಸುವ ಲೆಕ್ಕದಂತೆ ಗ್ಲೂಕೋಸ್ ಡೆಸಿಲೀಟರಿಗೆ 100 ಮಿಲಿಗ್ರಾಂ ಏರಿದರೆ ಸೋಡಿಯಂ ಲೀಟರಿಗೆ 1.6ರಿಂದ 2.4 ಮಿಲಿ ಈಕ್ವಿವಲೆಂಟ್‌ನಷ್ಟು ಇಳಿಯುತ್ತದೆ. 500 ಗ್ಲೂಕೋಸ್ ಇರುವ ಇಲಿಯಲ್ಲಿ 133 ಸೋಡಿಯಂ ಕಂಡು ಕಿಡ್ನಿಯನ್ನು ದೂರಬೇಡಿ.

ಇದ್ಯಾವುದೂ ಅಲ್ಲ, ಇಳಿಕೆ ನಿಜ ಎಂದಾದರೆ ಮೂತ್ರದತ್ತ ಮತ್ತೆ ನೋಡಿ. ರಕ್ತದಲ್ಲಿ ಸೋಡಿಯಂ ಕಡಿಮೆ, ಮೂತ್ರದಲ್ಲೂ ಬಹಳ ಕಡಿಮೆ ಎಂದರೆ ಕಿಡ್ನಿ ತನ್ನ ಕೆಲಸ ಮಾಡುತ್ತಿದೆ. ರಕ್ತದಲ್ಲಿ ಕಡಿಮೆ, ಮೂತ್ರದಲ್ಲಿ ಧಾರಾಳ ಎಂದರೆ ಟ್ಯೂಬ್ಯೂಲ್ (ಸೋಸಿದ ದ್ರವದಿಂದ ಸೋಡಿಯಂ ವಾಪಸ್ ಹೀರುವ ಕಿಡ್ನಿಯ ಸಣ್ಣ ನಳಿಕೆ) ಸೋರುತ್ತಿದೆ, ಅಥವಾ ಅಡ್ರಿನಲ್ ಕೈಕೊಟ್ಟಿದೆ, ಅಥವಾ ಮೂತ್ರ ಹೆಚ್ಚಿಸುವ ಡೈಯುರೆಟಿಕ್ ಇಲ್ಲವೇ ನೀರು ಉಳಿಸುವ ಹಾರ್ಮೋನ್ ವಾಸೊಪ್ರೆಸಿನ್ ಕೆಲಸ ನಡೆದಿದೆ. ಪೊಟ್ಯಾಸಿಯಂ ಜೊತೆಗೆ ಏರಿದ್ದರೆ ಅಡ್ರಿನಲ್ ಮೇಲೆ ಸಂಶಯಪಡಿ. ಆದರೆ ರಕ್ತ ಹಿಮೊಲೈಸ್ ಆಗಿ, ಅಂದರೆ ಕೆಂಪು ಕಣ ಒಡೆದು, ಸೀರಮ್ ಕೆಂಪಾಗಿದ್ದರೆ ಆ ಪೊಟ್ಯಾಸಿಯಂಗೆ ಬೆಲೆಯಿಲ್ಲ.

ಇಲಿಯ ಚರ್ಮದಡಿ ಡೆಸ್ಮೊಪ್ರೆಸಿನ್ ಪಂಪ್ ಕೂರಿಸಿದವರು ಕೆಲವು ದಿನಗಳ ಮೇಲೆ ಗಾಬರಿಯಾಗುತ್ತಾರೆ: ಮೂತ್ರ ಹೆಚ್ಚಾಗಿದೆ, ತೆಳುವಾಗಿದೆ, ಪಂಪ್ ನಿಂತುಹೋಯಿತೇ? ಪಂಪ್ ಸರಿಯಾಗಿಯೇ ಇರುತ್ತದೆ. ನೀರು ತುಂಬಿಕೊಂಡೇ ಇದ್ದರೆ ಸಂಗ್ರಹ ನಾಳದ ಕೋಶಗಳು ಅಕ್ವಾಪೊರಿನ್-2 ಎಂಬ ನೀರಿನ ಬಾಗಿಲುಗಳನ್ನು ಕಡಿಮೆ ಮಾಡಿಕೊಂಡು ಹಾರ್ಮೋನಿನ ಹಿಡಿತದಿಂದ ತಪ್ಪಿಸಿಕೊಳ್ಳುತ್ತವೆ. ಪಂಪ್ ತೆಗೆದು ಹೊಸದು ಹಾಕಿದರೆ ಪ್ರಾಣಿಗೆ ಇನ್ನೊಂದು ಶಸ್ತ್ರಚಿಕಿತ್ಸೆಯ ನೋವು, ಲಾಭ ಸೊನ್ನೆ. ಇನ್ನೊಂದು ಮಾತು, ದಿನಗಟ್ಟಲೆ ಇಳಿದಿದ್ದ ಸೋಡಿಯಂ ಅನ್ನು ಹೈಪರ್‌ಟಾನಿಕ್ ಸಲೈನ್ ಕೊಟ್ಟು ಒಮ್ಮೆಗೇ ಏರಿಸಬೇಡಿ. ಇಲಿಯ ಮಿದುಳಿನ ನರಗಳ ಮೈಲಿನ್ ಹೊದಿಕೆ ಹಾಳಾಗುತ್ತದೆ ಎಂಬುದು 1980ರ ದಶಕದಿಂದಲೇ ಗೊತ್ತಿರುವ ವಿಷಯ.

ಯೂರಿಯಾ, ಕ್ರಿಯಾಟಿನಿನ್ ಏರಿದ್ದರೆ

ಇಲ್ಲಿ ಆತುರದ ತೀರ್ಪಿಗೆ ಬಲಿಯಾಗುವುದು ಇಡೀ ಗ್ರೂಪು. ಮೈಯಲ್ಲಿ ದ್ರವ ಕುಗ್ಗಿದಾಗ ಕಿಡ್ನಿ ಸೋಡಿಯಂ, ನೀರಿನ ಜೊತೆ ಯೂರಿಯಾವನ್ನೂ ವಾಪಸ್ ಎಳೆದುಕೊಳ್ಳುತ್ತದೆ. ಅದಕ್ಕೇ ಯೂರಿಯಾ ಏರುವುದು. ಕ್ರಿಯಾಟಿನಿನ್ ಅಷ್ಟಾಗಿ ಏರಿರುವುದಿಲ್ಲ. ಟ್ಯೂಬ್ಯೂಲ್ ನಿಜವಾಗಿ ಸತ್ತಿದೆಯೋ ಇಲ್ಲವೋ ತಿಳಿಯಲು ಸೋಸಿದ ಸೋಡಿಯಂನಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಎಂದು ಲೆಕ್ಕ ಹಾಕಿ. ಮೂತ್ರದ ಸೋಡಿಯಂ 5, ರಕ್ತದ್ದು 142, ರಕ್ತದ ಕ್ರಿಯಾಟಿನಿನ್ 0.6, ಮೂತ್ರದ್ದು 60 ಎಂದಿಟ್ಟುಕೊಳ್ಳಿ. 5ನ್ನು 0.6ರಿಂದ ಗುಣಿಸಿ, 142 ಮತ್ತು 60ರ ಗುಣಲಬ್ಧದಿಂದ ಭಾಗಿಸಿ, 100ರಿಂದ ಗುಣಿಸಿದರೆ ಸುಮಾರು 0.035%. ಇಷ್ಟು ಬಿಗಿಯಾಗಿ ಸೋಡಿಯಂ ಹಿಡಿದಿಡುವ ಟ್ಯೂಬ್ಯೂಲ್ ಬದುಕಿದೆ, ಚೆನ್ನಾಗಿಯೇ ಬದುಕಿದೆ. ಅದೇ ಕಡಿಮೆ ಸೋಡಿಯಂ ಆಹಾರದ ಇಲಿಯಲ್ಲಿ ಈ ಅಂಕಿ 1, 2% ಬಂದರೆ ಚಿಂತಿಸಬೇಕಾದ್ದೇ.

ಇದಕ್ಕಿಂತಲೂ ಗಟ್ಟಿಯಾದ ಪರೀಕ್ಷೆ ಮಾಮೂಲಿ ಫೀಡ್ ವಾಪಸ್ ಕೊಟ್ಟು ನೋಡುವುದು. ಗ್ರೂಪಿನಿಂದ ಕೆಲವು ಪ್ರಾಣಿಗಳನ್ನು ಮೊದಲೇ ಇದಕ್ಕೆಂದು ಮೀಸಲಿಡಿ. ಎರಡು ಮೂರು ದಿನದಲ್ಲಿ ಯೂರಿಯಾ ಇಳಿದರೆ ಅದು ದ್ರವದ ಕೊರತೆ, ಹಾಗೇ ನಿಂತರೆ ಗಾಯ.

ಕ್ರಿಯಾಟಿನಿನ್ ಅನ್ನು ಬಣ್ಣ ನೋಡಿ ಅಳೆಯುವ ಜಾಫೆ ವಿಧಾನದ ಕಿಟ್ ಬಳಸುತ್ತಿದ್ದರೆ ಇಲಿ, ಸುಂಡಿಲಿಗಳ ಸೀರಮ್‌ನಲ್ಲಿ ಕ್ರಿಯಾಟಿನಿನ್ ಅಲ್ಲದ ವಸ್ತುಗಳೂ ಬಣ್ಣ ಕೊಟ್ಟು ಅಂಕಿಯನ್ನು ಉಬ್ಬಿಸುತ್ತವೆ. ಕೀಟೋನ್ ಏರಿದ ಮಧುಮೇಹದ ಇಲಿಗಳಲ್ಲಿ ಇನ್ನೂ ಹೆಚ್ಚು. ಎನ್ಜೈಮ್ ಕಿಟ್ ದುಬಾರಿ, ಆದರೂ ಅದನ್ನೇ ತರಿಸಿ.

ಬೇಸಿಗೆಯ ಕರೆಂಟ್ ಕಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲಿ ಮೈತಂಪಿಗೆ ನಮ್ಮ ಹಾಗೆ ಬೆವರುವುದಿಲ್ಲ, ಸೆಕೆ ತಾಳದೆ ಜೊಲ್ಲನ್ನು ಮೈಗೆ ಸವರಿಕೊಳ್ಳುತ್ತದೆ. ಎದೆ, ಹೊಟ್ಟೆಯ ಕೂದಲು ಒದ್ದೆಯಾಗಿ ಅಂಟಿಕೊಂಡಿದ್ದು ಕಂಡರೆ ಎಸಿ ನಿಂತಿತ್ತು ಎಂದೇ ಅರ್ಥ. ಅಂಥ ದಿನ ತೆಗೆದ ರಕ್ತದಲ್ಲಿ ಯೂರಿಯಾ ಹೆಚ್ಚೇ ಬರುತ್ತದೆ, ಸೋಡಿಯಂ ಕೂಡ ಇಳಿಯುವ ಬದಲು ಏರಿರಬಹುದು. ಕೋಣೆಯ ಉಷ್ಣತೆಯ ದಾಖಲೆ ಇಲ್ಲದ ರಕ್ತದ ರೀಡಿಂಗನ್ನು ನಾನು ಪ್ರಬಂಧಕ್ಕೆ ಸೇರಿಸಲು ಒಪ್ಪುವುದಿಲ್ಲ.

ಔಷಧಿ ಜೊತೆಗಿದ್ದರೆ

ಕಡಿಮೆ ಸೋಡಿಯಂನಲ್ಲಿ ಕಿಡ್ನಿ ಸೋಸುವ ವೇಗ ಕಾಪಾಡಿಕೊಳ್ಳುವುದು ಆಂಜಿಯೊಟೆನ್ಸಿನ್-2ರ ಬಲದಿಂದ. ಅಡಿಕೆ ತೋಟಕ್ಕೆ ನೀರು ಬಿಡುವಾಗ ಪೈಪಿನ ತುದಿ ಒತ್ತಿ ಹಿಡಿದರೆ ಹಿಂದಿನ ಒತ್ತಡ ಏರುವ ಹಾಗೆ, ಅದು ಕಿಡ್ನಿಯ ಸೋಸುವ ಗಂಟಾದ ಗ್ಲಾಮರುಲಸ್‌ನಿಂದ ಹೊರಹೋಗುವ ರಕ್ತನಾಳವನ್ನು ಬಿಗಿ ಹಿಡಿದಿರುತ್ತದೆ. ಈಗ ಆಂಜಿಯೊಟೆನ್ಸಿನ್-2ಕ್ಕೆ ಅಡ್ಡಬರುವ ಎನಲಾಪ್ರಿಲ್ ಅಥವಾ ಲೊಸಾರ್ಟಾನ್ ಕೊಟ್ಟರೆ ಆ ಹಿಡಿತ ಸಡಿಲವಾಗಿ ಸೋಸುವಿಕೆ ಕುಸಿಯುತ್ತದೆ. ಮಾಮೂಲಿ ಫೀಡ್ ತಿನ್ನುವ ಇಲಿ ಅದೇ ಡೋಸನ್ನು ಸಲೀಸಾಗಿ ತಡೆದುಕೊಂಡಿರುತ್ತದೆ. ಒಳಹೋಗುವ ನಾಳವನ್ನು ಸಡಿಲವಾಗಿಡುವ ಕೆಲಸ ಪ್ರೊಸ್ಟಾಗ್ಲಾಂಡಿನ್‌ನದು, ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ಅದನ್ನು ನಿಲ್ಲಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಕೊಟ್ಟ ಇಂಜೆಕ್ಷನ್ನೇ ಕ್ರಿಯಾಟಿನಿನ್ ಏರಿಸಿರಬಹುದು. ಹಾಗೆಂದು ನೋವಿನ ಔಷಧಿ ಬಿಡುವಂತಿಲ್ಲ, ಪಶುವೈದ್ಯರನ್ನು ಕೇಳಿ ಬೇರೆ ಬಗೆಯದನ್ನು ಆರಿಸಿ.

ಜೆಂಟಾಮೈಸಿನ್, ಆಂಫೊಟೆರಿಸಿನ್-ಬಿ ಇವುಗಳ ಕಿಡ್ನಿ ಹಾನಿ ಸೋಡಿಯಂ ಕೊರತೆಯಲ್ಲಿ ಹೆಚ್ಚುತ್ತದೆ. ಸೈಕ್ಲೊಸ್ಪೊರಿನ್‌ನ ದೀರ್ಘಕಾಲದ ಹಾನಿಯನ್ನು ಇಲಿಯಲ್ಲಿ ತರಿಸಲು ಕಡಿಮೆ ಸೋಡಿಯಂ ಫೀಡನ್ನು ಬೇಕೆಂದೇ ಕೊಡುತ್ತಾರೆ. ಆದ್ದರಿಂದ ನಿಮ್ಮ ಗಿಡಮೂಲಿಕೆಯ ಸತ್ವ "ಕಿಡ್ನಿ ಕಾಪಾಡಿತು" ಎನ್ನುವ ಮೊದಲು ಆ ಸತ್ವದಲ್ಲಿ ಸೋಡಿಯಂ ಎಷ್ಟಿದೆ ಎಂದು ಅಳೆಯಿರಿ. ಕಾಪಾಡಿದ್ದು ಗಿಡವಾಗಿರಲಿಕ್ಕಿಲ್ಲ, ಅದರೊಳಗಿನ ಉಪ್ಪಾಗಿರಬಹುದು. ಔಷಧಿ ಇಲ್ಲದೆ ಬರೀ ಕಡಿಮೆ ಸೋಡಿಯಂ ತಿಂದ ಗ್ರೂಪ್ ಒಂದು ಇರಲೇಬೇಕು. ಎಳೆಯ ಇಲಿಗಳಾದರೆ ಸೋಡಿಯಂ ಇಲ್ಲದೆ ಬೆಳವಣಿಗೆಯೇ ಕುಂಠಿತವಾಗುತ್ತದೆ, ಕಿಡ್ನಿಯ ತೂಕವೂ ಕಡಿಮೆ ಬರುತ್ತದೆ. ಅಲ್ಲಿ ಕಂಟ್ರೋಲಿನವಕ್ಕೂ ಅಷ್ಟೇ ಗ್ರಾಂ ಫೀಡ್ ಅಳೆದು ಹಾಕದಿದ್ದರೆ ಹೋಲಿಕೆ ನಿಲ್ಲುವುದಿಲ್ಲ.

ತೂಕ ದಿನವೂ ನೋಡಿ. 20% ಇಳಿದ ಪ್ರಾಣಿ, ಮೂಲೆಯಲ್ಲಿ ಬೆನ್ನು ಗೂನಿಸಿ ಕೂತ ಪ್ರಾಣಿ, ಕೈಗೆತ್ತಿಕೊಂಡಾಗ ಚರ್ಮ ಎಳೆದುಬಿಟ್ಟರೆ ಹಾಗೇ ಎದ್ದು ನಿಲ್ಲುವ ಪ್ರಾಣಿ ಕಂಡರೆ ಅದನ್ನು ಪ್ರಯೋಗದಿಂದ ಹೊರಗೆ ತೆಗೆಯಿರಿ. ಅದರ ರೀಡಿಂಗ್ ಕಿಡ್ನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಅದು ನರಳುತ್ತಿದೆ ಎಂದಷ್ಟೇ ಹೇಳುತ್ತದೆ.

ಕೊನೆಗೆ ಅಂಗಾಂಶ ತೆಗೆಯುವಾಗ

ಕಿಡ್ನಿಯ ಜೊತೆ ಎರಡೂ ಅಡ್ರಿನಲ್‌ಗಳನ್ನು ಮರೆಯದೆ 10% ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ಬರೀ ಸೋಡಿಯಂ ಕೊರತೆಯಿಂದ ಟ್ಯೂಬ್ಯೂಲ್ ಕೊಳೆಯುವುದಿಲ್ಲ. ಕಾಣುವುದು ಗ್ಲಾಮರುಲಸ್ ಬಾಗಿಲಲ್ಲಿ ರೆನಿನ್ ಕೋಶಗಳು ಹೆಚ್ಚಾಗಿರುವುದು, ಅಡ್ರಿನಲ್‌ನ ಹೊರಪದರ, ಜೋನಾ ಗ್ಲಾಮರುಲೋಸಾ, ಅಗಲವಾಗಿರುವುದು. ಟ್ಯೂಬ್ಯೂಲ್‌ಗಳು ಸತ್ತಿದ್ದರೆ ಇನ್ನೇನೋ ಸೇರಿಕೊಂಡಿದೆ ಎಂದು ತಿಳಿದು ಔಷಧಿ, ನೀರು, ಸೋಂಕು ಇವುಗಳತ್ತ ಹಿಂದಿರುಗಿ. ಮೂತ್ರ ಹಿಡಿಯದೆ ಬಿಟ್ಟ ಗ್ರೂಪಿನಲ್ಲಿ ಆ ಅಡ್ರಿನಲ್ ಪದರದ ಅಗಲವೇ ಇಲಿಗೆ ಸೋಡಿಯಂ ಕೊರತೆ ನಿಜವಾಗಿ ಆಗಿತ್ತೇ ಎನ್ನುವುದಕ್ಕೆ ಉಳಿದಿರುವ ಸಾಕ್ಷಿ. ಸ್ಲೈಡ್ ಓದುವ ಪೆಥಾಲಜಿಸ್ಟ್‌ಗೆ ಯಾವ ಗ್ರೂಪಿಗೆ ಯಾವ ಫೀಡ್ ಎಂದು ಮೊದಲೇ ಹೇಳಬೇಡಿ. ಅವರು ಅಗಲ ಅಳೆದು ಬರೆದುಕೊಟ್ಟ ಮೇಲೆ ನಿಮ್ಮ ಪಟ್ಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ.